ಟಿಪ್ಸ್ ಗಿರಾಕಿಯದು, ಉಳಿತಾಯ ಮಾಲೀಕನದು: ಅಮೆರಿಕದ 2.13 ಡಾಲರ್ ಲೆಕ್ಕ

ಕಾರ್ಮಿಕ ಕಾನೂನು ಓದುವಾಗ ನಾನು ಎರಡೆರಡು ಸಲ ಓದಿದ ಭಾಗ ಇದು. ಅಮೆರಿಕದ ಫೆಡರಲ್, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ, ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಸಿಗುವ ಸಪ್ಲೈಯರ್‌ಗೆ ಹೋಟೆಲ್ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. ಉಳಿದ 5.12? ಗಿರಾಕಿ ಕೊಟ್ಟ ಟಿಪ್ಸನ್ನೇ ಸಂಬಳದ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಇದಕ್ಕೆ ‘ಟಿಪ್ ಕ್ರೆಡಿಟ್’ ಎಂದು ಹೆಸರು. ಕೇಳಿದರೆ ಸಪ್ಲೈಯರ್‌ಗೆ ಏನೋ ಸಿಗುವ ಹಾಗಿದೆ, ಅಲ್ವಾ? ಸಿಗುವುದು ಮಾಲೀಕನಿಗೆ.

ಟಿಪ್ಸ್ ಸಾಲದಿದ್ದರೆ ಕಡಿಮೆ ಬಿದ್ದಷ್ಟನ್ನು ಮಾಲೀಕ ತುಂಬಿಕೊಡಬೇಕು. ವಾರಕ್ಕೆ 40 ಗಂಟೆ ದುಡಿದವರಿಗೆ 290 ಡಾಲರ್ ಸಿಗಲೇಬೇಕು. ಮಾಲೀಕ ಕೊಟ್ಟದ್ದು 85.20, ಟಿಪ್ಸ್ 150 ಬಂತು ಅಂದುಕೊಳ್ಳಿ. ಒಟ್ಟು 235.20. ಬಾಕಿ 54.80 ಮಾಲೀಕನೇ ಕೊಡಬೇಕು.

ನಾನು ಎಡವಿದ್ದು ಇಲ್ಲಿ: ಈ ಲೆಕ್ಕ ದಿನಕ್ಕಲ್ಲ, ವಾರಕ್ಕೆ. ಸೋಮವಾರ ಗಿರಾಕಿಗಳೇ ಇಲ್ಲ, ಸುಮ್ನೆ ಟೇಬಲ್ ಒರೆಸುತ್ತ ನಿಂತದ್ದಾಯಿತು. ಶನಿವಾರ ರಾತ್ರಿ ಉಸಿರಾಡಲೂ ಬಿಡುವಿಲ್ಲ, ಟಿಪ್ಸ್ ಚೆನ್ನಾಗಿ ಬಂತು. ಸೋಮವಾರದ ಕೊರತೆಯನ್ನು ಶನಿವಾರದ ಟಿಪ್ಸ್ ತುಂಬಿಬಿಡುತ್ತದೆ. ಮಾಲೀಕ ಒಂದು ಸೆಂಟೂ ಹೆಚ್ಚು ಕೊಡಬೇಕಿಲ್ಲ.

ಈ 2.13 ಎಲ್ಲಿಂದ ಬಂತು? 1938ರ ಕನಿಷ್ಠ ವೇತನ ಕಾನೂನಿನಲ್ಲಿ ಹೋಟೆಲ್ ಕೆಲಸಗಾರರಿಗೆ ಜಾಗವೇ ಇರಲಿಲ್ಲ. 1966ರಲ್ಲಿ ಅವರನ್ನು ಸೇರಿಸಿದಾಗ, ಅರ್ಧ ಸಂಬಳದವರೆಗೆ ಟಿಪ್ಸ್‌ನಲ್ಲೇ ಮುರಿದುಕೊಳ್ಳಿ ಎಂದು ಮಾಲೀಕರಿಗೆ ದಾರಿಯನ್ನೂ ಬಿಟ್ಟರು. 1991ರಲ್ಲಿ ಕನಿಷ್ಠ ವೇತನ 4.25, ಅದರ ಅರ್ಧ 2.13. 1996ರಲ್ಲಿ ಆ ‘ಅರ್ಧ’ದ ನಂಟನ್ನೇ ಕಡಿದರು. ಮಾಮೂಲಿ ವೇತನ 2009ರ ಹೊತ್ತಿಗೆ 7.25ಕ್ಕೆ ಏರಿತು, ಇದು ಅಲ್ಲೇ ಕೂತಿದೆ.

ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟ ಸೇರಿ ಏಳು ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ ಇಲ್ಲ. ಪೂರ್ತಿ ಕನಿಷ್ಠ ವೇತನ ಕೊಡಬೇಕು, ಟಿಪ್ಸ್ ಅದರ ಮೇಲೆ. ನನಗೆ ಸರಿ ಅನ್ನಿಸುವುದು ಇದೇ. ಆದರೆ ಸಪ್ಲೈಯರ್‌ಗಳೆಲ್ಲ ಇದನ್ನು ಒಪ್ಪುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 2024ರಲ್ಲಿ ಇಂಥ ಬದಲಾವಣೆ ಮತಕ್ಕೆ ಬಂದಾಗ, ಟಿಪ್ಸ್ ಕಡಿಮೆಯಾದೀತೆಂದು ಅವರಲ್ಲೇ ಹಲವರು ವಿರೋಧಿಸಿದರು. ಅದು ಸೋತಿತು.

ಅದೇ ಫೆಡರಲ್ ಕಾನೂನಿಗೆ ಬಂದ 2018ರ ತಿದ್ದುಪಡಿಯನ್ನೂ ಬರೆದಿಟ್ಟುಕೊಳ್ಳಿ. ಮಾಲೀಕನಾಗಲಿ ಮ್ಯಾನೇಜರ್ ಆಗಲಿ ಸಪ್ಲೈಯರ್ ಟಿಪ್ಸ್‌ಗೆ ಕೈ ಹಾಕುವಂತಿಲ್ಲ. ಆದರೆ ಪೂರ್ತಿ ವೇತನ ಕೊಡುವ ಕಡೆ, ಒಟ್ಟಾದ ಟಿಪ್ಸನ್ನು ಒಳಗೆ ಅಡುಗೆ ಮಾಡುವವರಿಗೂ ಪಾತ್ರೆ ತೊಳೆಯುವವರಿಗೂ ಹಂಚಬಹುದು. 2.13 ಕೊಡುವ ಕಡೆ ಅವರಿಗೆ ಪಾಲಿಲ್ಲ.