ಶಾಕ್‌ನ ವೇಗ ಅರ್ಧವೋ, ಮೂರನೇ ಎರಡೋ?

ಕಲಬುರಗಿಯಲ್ಲಿ ನನ್ನ ಜೊತೆ ಎಂ.ಎಸ್ಸಿ. ಗಣಿತ ಓದುತ್ತಿರುವವರಿಗೆ ಈ ಟಿಪ್ಪಣಿ. ಕ್ಯಾರೆಕ್ಟರಿಸ್ಟಿಕ್ ಗೆರೆ (ಕಾಲ ಸರಿದಂತೆ ಒಂದು ಬೆಲೆ ಸಾಗುವ ದಾರಿ) ಎಳೆಯೋದು ನಿಮಗೆ ಗೊತ್ತಿದೆ, ಅದನ್ನು ಬಿಡಿಸಿ ಹೇಳಲ್ಲ. ವಿಷಯ, ಶಾಕ್ ಅಲೆಗಳ ಮೇಲೆ ಪ್ರೊಫೆಸರ್ ಪೀಟರ್ ಲ್ಯಾಕ್ಸ್ ಮಾಡಿದ ಕೆಲಸ. ಅವರು ನ್ಯೂಯಾರ್ಕ್‌ನ ಕೂರಾಂಟ್ ಸಂಸ್ಥೆಯಲ್ಲಿದ್ದರು. 2005ರಲ್ಲಿ ಗಣಿತದ ದೊಡ್ಡ ಗೌರವವಾದ ಅಬೆಲ್ ಪ್ರಶಸ್ತಿ ಬಂತು.

ಸ್ನಿಗ್ಧತೆ (ದ್ರವದ ಒಳ ತಿಕ್ಕಾಟ) ಇಲ್ಲದ ಬರ್ಗರ್ಸ್ ಸಮೀಕರಣ ತಗೊಳ್ಳಿ, ಅಲೆ ಹೇಗೆ ಸಾಗುತ್ತದೆ ಅಂತ ಹೇಳುವ ಸರಳ ಸಮೀಕರಣ ಅದು. ಎಕ್ಸ್ ಅಂದರೆ ಜಾಗ, ಟಿ ಅಂದರೆ ಕಾಲ, ಯು ಅಂದರೆ ಆ ಜಾಗದಲ್ಲಿ ಆ ಹೊತ್ತಿಗೆ ಇರುವ ಪ್ರಮಾಣ. ಇಲ್ಲಿ ಯು ಎಷ್ಟಿದೆಯೋ ಆ ಬಿಂದು ಓಡುವ ವೇಗವೂ ಅಷ್ಟೇ. ನಾನ್‌ಲೀನಿಯರ್ ಅನ್ನೋದು ಇಷ್ಟರಲ್ಲೇ ಇದೆ. ಶುರುವಿನಲ್ಲಿ 0ಯ ಎಡಕ್ಕೆ ಯು = 1, 1ರ ಬಲಕ್ಕೆ ಯು = 0, ನಡುವೆ 1 − ಎಕ್ಸ್. ಹಿಂದಿನವು ಜೋರಾಗಿ ಬರುತ್ತವೆ. ಟಿ = 1 ಆದಾಗ ನಡುವಿನ ಗೆರೆಗಳೆಲ್ಲ ಎಕ್ಸ್ = 1ರಲ್ಲಿ ಬಂದು ಸೇರುತ್ತವೆ. ಆಮೇಲೆ ಉಳಿಯೋದು ಒಂದು ಜಿಗಿತ, ಅದೇ ಶಾಕ್.

ತಲೆ ತಿನ್ನುವ ಜಾಗ ಇನ್ನು ಮುಂದೆ. ರ್‍ಯಾಂಕಿನ್-ಹ್ಯೂಗೋನಿಯೋ ಸೂತ್ರದಲ್ಲಿ ಶಾಕ್‌ನ ವೇಗ ಅಂದರೆ ಹರಿವಿನ (ಒಂದು ಘಟಕ ಕಾಲದಲ್ಲಿ ಒಂದು ಬಿಂದುವನ್ನು ದಾಟುವ ಪ್ರಮಾಣದ) ಜಿಗಿತವನ್ನು ಪ್ರಮಾಣದ ಜಿಗಿತದಿಂದ ಭಾಗಿಸಿದ್ದು. ಪ್ರಮಾಣ ಯು ಆದರೆ ಅದರ ಹರಿವು ಯು ವರ್ಗದ ಅರ್ಧ. ಉತ್ತರ 1/2. ಸರಿ. ಈಗ ಸುಮ್ನೆ ಇಡೀ ಸಮೀಕರಣವನ್ನು ಯುನಿಂದ ಗುಣಿಸಿ. ಪ್ರಮಾಣ ಯು ವರ್ಗದ ಅರ್ಧ ಆಗುತ್ತದೆ, ಹರಿವು ಯು ಘನದ ಮೂರನೇ ಒಂದು. 1/3 ಅನ್ನು 1/2ರಿಂದ ಭಾಗಿಸಿದರೆ 2/3! ಸಮೀಕರಣ ಅದೇ, ಲೆಕ್ಕವೂ ಸರಿ, ಉತ್ತರ ಮಾತ್ರ ಎರಡು.

ಗುಣಿಸಿದ ಮೇಲೆ ಅದನ್ನು ಹೊಸ ರೂಪಕ್ಕೆ ತರಲು ಚೈನ್ ರೂಲ್ (ಫಂಕ್ಷನ್ ಒಳಗಿನ ಫಂಕ್ಷನ್‌ಗೆ ಡಿರೈವೇಟಿವ್ ತೆಗೆಯುವ ನಿಯಮ) ಬಳಸಿದೆವು, ಅಲ್ವಾ? ಅದಕ್ಕೆ ಡಿರೈವೇಟಿವ್ ಇರಬೇಕು. ಜಿಗಿತದಲ್ಲಿ ಅದೇ ಇಲ್ಲ. ನಯವಾದ ಪರಿಹಾರಕ್ಕೆ ಎರಡೂ ರೂಪ ಒಂದೇ, ಜಿಗಿತದಲ್ಲಿ ಬೇರೆ ಬೇರೆ. ಯಾವುದು ಸರಿ ಅಂತ ಪಿಡಿಇ (ಆಂಶಿಕ ಅವಕಲ ಸಮೀಕರಣ) ತಾನಾಗಿ ಹೇಳಲ್ಲ. ನಿಜವಾಗಿ ಏನು ಉಳಿಯುತ್ತದೆ, ಅಂದರೆ ಯಾವುದು ತಾನಾಗಿ ಹುಟ್ಟಲ್ಲ, ಕಳೆದೂ ಹೋಗಲ್ಲ ಅಂತ ನಾವು ಹೇಳಬೇಕು. ಕಲಬುರಗಿಯ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಗಿನ ರಸ್ತೆಯನ್ನೇ ನೋಡಿ. ಜಾಮ್ ಆಗಿರಲಿ, ಬಿಡಲಿ, ಒಳಗೆ ಬಂದ ಗಾಡಿಗಳಲ್ಲಿ ಹೊರಗೆ ಹೋದವನ್ನು ಕಳೆದರೆ ಎಷ್ಟು ಹೆಚ್ಚಾದವು ಅಂತ ಸಿಗುತ್ತದೆ. ಗಾಡಿಗಳ ಸಂಖ್ಯೆಯ ವರ್ಗಕ್ಕೆ ಅಂಥ ಲೆಕ್ಕ ಯಾರೂ ಇಡಲ್ಲ.

ಬರ್ಗರ್ಸ್‌ನಲ್ಲಿ ಉಳಿಯೋದು ಯು. ಹಾಗಾಗಿ 1/2. ಹಾಗಾದರೆ ಯು ವರ್ಗದ ಅರ್ಧಕ್ಕೆ, ಅಂದರೆ ಶಕ್ತಿಗೆ ಏನಾಯ್ತು? ಒಂದು ಘಟಕ ಕಾಲದಲ್ಲಿ ಎಡದಿಂದ ಬಂದದ್ದು 1/3. ಶಾಕ್ 1/2 ದೂರ ಮುಂದೆ ಸರಿದು, 1/2ರಂತೆ ಕೂಡಿಸಿದ್ದು 1/4. ಉಳಿದ 1/12 ಅನ್ನು ಶಾಕ್ ನುಂಗಿತು. ನನಗೆ ತುಂಬ ಇಷ್ಟವಾದ ಲೆಕ್ಕ ಇದು, ಒಮ್ಮೆ ಕೈಯಲ್ಲಿ ಮಾಡಿ ನೋಡಿ.

ಇನ್ನು 1957ರ ಪ್ರಬಂಧದಲ್ಲಿ ಲ್ಯಾಕ್ಸ್ ಕೊಟ್ಟ ಷರತ್ತು. ಎಡಗಡೆ ಕ್ಯಾರೆಕ್ಟರಿಸ್ಟಿಕ್ ವೇಗ ಶಾಕ್‌ಗಿಂತ ಜಾಸ್ತಿ, ಬಲಗಡೆಯದು ಕಡಿಮೆ ಇರಬೇಕು. ನಮ್ಮಲ್ಲಿ 1 > 1/2 > 0, ಪಾಸ್. ಎಡಕ್ಕೆ 0, ಬಲಕ್ಕೆ 1 ಇಟ್ಟರೆ ಆ ಜಿಗಿತದ ವೇಗವೂ 1/2 ಬರುತ್ತದೆ, ಆದರೆ ಷರತ್ತಿನಲ್ಲಿ ಫೇಲ್. ಅಲ್ಲಿ ಶಾಕ್ ಬದಲು ಬೀಸಣಿಗೆ, ಅಂದರೆ ಒಂದೇ ಬಿಂದುವಿನಿಂದ ಹರಡುವ ಗೆರೆಗಳ ಗುಂಪು, ಬರುತ್ತದೆ, ಅದರೊಳಗೆ ಯು = ಎಕ್ಸ್ / ಟಿ.

ಆದರೆ ಈ ಷರತ್ತು ಮೊದಲ ಗೊಂದಲವನ್ನು ಬಿಡಿಸಲ್ಲ. 1 > 2/3 > 0 ಕೂಡ ಪಾಸಾಗುತ್ತದೆ! ಪರೀಕ್ಷೆಯಲ್ಲಿ ಶಾಕ್ ಕೇಳಿದರೆ ಯಾವ ಪ್ರಮಾಣ ಉಳಿಯುತ್ತದೆ ಅಂತ ಮೊದಲ ಸಾಲಿನಲ್ಲೇ ಬರೆಯಿರಿ, ಲ್ಯಾಕ್ಸ್ ಷರತ್ತನ್ನು ಆಮೇಲೆ ಹಾಕಿ.