ಸಂಸ್ಥೆ ಬದಲಾದಾಗ ಬದಲಾಗುವುದೇನು?

ಮುಂಬೈಯ ಮಾಟುಂಗಾದಲ್ಲಿರುವ ಉಡುಪಿ ಹೋಟೆಲೊಂದಕ್ಕೆ ನಾನು ಹಲವು ವರ್ಷಗಳಿಂದ ಬೆಳಗಿನ ತಿಂಡಿಗೆ ಹೋಗುತ್ತಿದ್ದೇನೆ. ಅಲ್ಲಿ ಮೊದಲು ಮಾಣಿಯೇ ನಾಲ್ಕೈದು ಮೇಜುಗಳ ಆರ್ಡರನ್ನು ನೆನಪಿನಲ್ಲಿಟ್ಟುಕೊಂಡು ಅಡುಗೆಮನೆಯ ಕಿಂಡಿಯವರೆಗೆ ಹೋಗಿ ಕೂಗಿ ಹೇಳುತ್ತಿದ್ದ. ದೋಸೆ ಬೇಯುವಷ್ಟು ಹೊತ್ತು ಅಲ್ಲೇ ನಿಂತು, ಹಿಟ್ಟು ಇವತ್ತು ಹುಳಿಯಾಗಿದೆಯೆಂದು ಗಿರಾಕಿಗಳು ಹೇಳಿದ್ದನ್ನು ಭಟ್ಟರಿಗೆ ತಲುಪಿಸುತ್ತಿದ್ದ. ಇಡ್ಲಿ ಇನ್ನು ಒಂದೇ ಒಬ್ಬೆ ಉಳಿದಿದೆಯೆಂಬುದನ್ನು ತಿಳಿದುಕೊಂಡು ಹೊರಗೆ ಬರುತ್ತಿದ್ದ. ಈಚೆಗೆ ಅವನ ಕೈಗೆ ಮೊಬೈಲಿನಂತಹ ಯಂತ್ರವೊಂದು ಬಂದಿದೆ. ಗುಂಡಿ ಒತ್ತಿದ ಕೂಡಲೇ ಒಳಗೆ ಚೀಟಿ ಮುದ್ರಣವಾಗುತ್ತದೆ. ಬಿಲ್ಲಿನ ತಪ್ಪುಗಳು ನಿಂತವು, ಕೂಗಾಟ ನಿಂತಿತು, ಅದರ ಜೊತೆಗೆ ಕಿಂಡಿಯ ಬಳಿಯ ಮಾತೂ ನಿಂತಿತು. ಮುಗಿದುಹೋದ ಇಡ್ಲಿಗೆ ಚೀಟಿಗಳು ಬೀಳತೊಡಗಿದವು.

ಮಾಲೀಕರು ಬದಲಾಯಿಸಲು ಹೊರಟಿದ್ದು ಒಂದು ಉಪಕರಣವನ್ನು. ಬದಲಾದದ್ದು ಅಡುಗೆಮನೆಗೂ ಹಜಾರಕ್ಕೂ ಇದ್ದ ಸಂಬಂಧ. ಸಂಸ್ಥೆಗಳನ್ನು ಅಧ್ಯಯನ ಮಾಡುವವರು ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಗೊಂದಲವನ್ನೇ ಬೇರೆ ಬೇರೆ ರೂಪಗಳಲ್ಲಿ ಎದುರಿಸುತ್ತ ಬಂದಿದ್ದಾರೆ. ಬದಲಾವಣೆ ದೊಡ್ಡದೋ ಚಿಕ್ಕದೋ, ಅದಕ್ಕೆ ಎಷ್ಟು ಖರ್ಚಾಯಿತು ಎಂಬುದರಿಂದ ಅದರ ಬಗೆ ತಿಳಿಯುವುದಿಲ್ಲ. ಉಪಕರಣ, ಕೆಲಸದ ಹಂಚಿಕೆ, ಸಂಸ್ಥೆ ಯಾರಿಗಾಗಿ ಏಕೆ ಇದೆಯೆಂಬ ತಿಳಿವಳಿಕೆ, ಈ ಮೂರು ಪದರಗಳಲ್ಲಿ ಯಾವುದು ಅಲುಗಿತು ಎಂದು ಕೇಳಿದರೆ ಮಾತ್ರ ಬಗೆ ಕಾಣಿಸುತ್ತದೆ.

ಎರಡನೆಯ ಪದರದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಬಂದದ್ದು ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಿಂದ. ಅಲ್ಲಿ ಹಿಂದೆ ಎರಡು ಮೂರು ಜನರ ಪುಟ್ಟ ತಂಡವೊಂದು ಕಲ್ಲಿದ್ದಲನ್ನು ಅಗೆಯುವುದರಿಂದ ಹಿಡಿದು ತುಂಬಿ ಕಳಿಸುವವರೆಗಿನ ಇಡೀ ಕೆಲಸವನ್ನು ತಾನೇ ಮಾಡುತ್ತಿತ್ತು. ಯಂತ್ರಗಳು ಬಂದ ಮೇಲೆ ನಲವತ್ತು ಐವತ್ತು ಜನರನ್ನು ಮೂರು ಪಾಳಿಗಳಿಗೆ ಹಂಚಿ, ಒಂದೊಂದು ಪಾಳಿಗೆ ಒಂದೊಂದು ತುಣುಕು ಕೆಲಸವನ್ನು ಕೊಡಲಾಯಿತು. ಹಿಂದಿನ ಪಾಳಿಯವರು ಉಳಿಸಿಹೋದ ತೊಡಕು ಮುಂದಿನವರ ತಲೆಗೆ ಕಟ್ಟಿಕೊಳ್ಳುತ್ತಿತ್ತು. ಅವರಿಬ್ಬರ ಮುಖಾಮುಖಿ ಆಗುತ್ತಲೇ ಇರಲಿಲ್ಲ. ಗೈರುಹಾಜರಿ ಹೆಚ್ಚಿತು, ಮನಸ್ಸುಗಳು ಕುಗ್ಗಿದವು, ಉತ್ಪಾದನೆ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. 1951ರಲ್ಲಿ ಇದನ್ನು ವಿಶ್ಲೇಷಿಸಿ ಬರೆದ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫರ್ತ್ ಅವರಲ್ಲಿ ಬ್ಯಾಮ್‌ಫರ್ತ್ ಸ್ವತಃ ಗಣಿಯಲ್ಲಿ ದುಡಿದವರು. ಯಂತ್ರದ ವ್ಯವಸ್ಥೆ ಮತ್ತು ಮನುಷ್ಯರ ವ್ಯವಸ್ಥೆ ಒಂದೇ ಬಟ್ಟೆಯ ಹಾಸು ಹೊಕ್ಕುಗಳೆಂಬ ಅವರ ಕಾಣ್ಕೆಗೆ ಆ ಅನುಭವವೂ ಕಾರಣವೆಂದು ನಾನು ನಂಬುತ್ತೇನೆ.

ಎರಡೇ ವರ್ಷಗಳಲ್ಲಿ ಅದೇ ಪ್ರಶ್ನೆ ನಮ್ಮ ನೆಲದಲ್ಲೇ ಪರೀಕ್ಷೆಗೆ ಒಳಗಾಯಿತು. ಅಹಮದಾಬಾದಿನ ಕ್ಯಾಲಿಕೋ ಗಿರಣಿಯ ಒಂದು ಶೆಡ್ಡಿನಲ್ಲಿ 224 ಸ್ವಯಂಚಾಲಿತ ಮಗ್ಗಗಳಿದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದ 29 ಕಾರ್ಮಿಕರ ಕೆಲಸವನ್ನು 12 ಬಗೆಗಳಾಗಿ ವಿಂಗಡಿಸಲಾಗಿತ್ತು. ಕಡಿದ ನೂಲನ್ನು ಜೋಡಿಸುವವನು ಬೇರೆ, ಎಣ್ಣೆ ಹಾಕುವವನು ಬೇರೆ, ಗುಡಿಸುವವನು ಬೇರೆ. ಮಗ್ಗಗಳು ಹೊಸವು, ಆದರೆ ಅವುಗಳ ಸುತ್ತಲಿನ ಕೆಲಸದ ಹಂಚಿಕೆ ಹಳೆಯದು. ಫಲ ನಿರಾಶಾದಾಯಕವಾಗಿತ್ತು. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು, ಒಂದಿಷ್ಟು ಮಗ್ಗಗಳ ಪೂರ್ಣ ಹೊಣೆಯನ್ನು ಒಂದು ಸಣ್ಣ ಗುಂಪಿಗೇ ವಹಿಸಿಬಿಡುವ ಸಲಹೆಯನ್ನು ಮುಂದಿಟ್ಟರು. ಕಾರ್ಮಿಕರು ಅದನ್ನು ತಾವಾಗಿಯೇ ಕೈಗೆತ್ತಿಕೊಂಡು ಗುಂಪುಗಳನ್ನು ಕಟ್ಟಿಕೊಂಡರು. ನೇಯ್ಗೆ ಹೆಚ್ಚಿತು, ಹಾಳಾಗುವ ಬಟ್ಟೆಯ ಪ್ರಮಾಣ ಇಳಿಯಿತು. ಯಂತ್ರಗಳಿಗೆ ಒಂದು ಮೊಳೆಯನ್ನೂ ಹೊಸದಾಗಿ ಹೊಡೆದಿರಲಿಲ್ಲ.

ಪದರದಷ್ಟೇ ಮುಖ್ಯವಾದದ್ದು ಲಯ. ಮನೋವಿಜ್ಞಾನಿ ಕುರ್ಟ್ ಲೆವಿನ್ 1947ರಲ್ಲಿ ಬದಲಾವಣೆಯನ್ನು ಮೂರು ಹೆಜ್ಜೆಗಳಲ್ಲಿ ವಿವರಿಸಿದ್ದರು: ಗಟ್ಟಿಯಾಗಿರುವುದನ್ನು ಕರಗಿಸುವುದು, ಬೇರೆಡೆಗೆ ಸಾಗಿಸುವುದು, ಮತ್ತೆ ಗಟ್ಟಿಗೊಳಿಸುವುದು. ನಿಂತ ನೀರಿಗೆ ಈ ಕ್ರಮ ಒಪ್ಪುತ್ತದೆ. ಹರಿಯುತ್ತಲೇ ಇರುವ ಸಂಸ್ಥೆಗೆ ಅದೇ ಮದ್ದು ಸಲ್ಲದೆಂದು ಕಾರ್ಲ್ ವೈಕ್ ಮತ್ತು ರಾಬರ್ಟ್ ಕ್ವಿನ್ 1999ರಲ್ಲಿ ವಾದಿಸಿದರು. ನಿತ್ಯವೂ ಸಣ್ಣಸಣ್ಣ ಹೊಂದಾಣಿಕೆಗಳಿಂದ ಬದಲಾಗುವ ಕಡೆ ಮೊದಲು ಮಾಡಬೇಕಾದದ್ದು ಗಟ್ಟಿಗೊಳಿಸುವುದು, ಎಂದರೆ ಈಗ ನಿಜಕ್ಕೂ ಏನು ನಡೆಯುತ್ತಿದೆಯೆಂಬುದನ್ನು ಹಿಡಿದು ನಿಲ್ಲಿಸಿ ನೋಡುವುದು, ಅನಂತರ ಸರಿತೂಗಿಸುವುದು, ಕೊನೆಗೆ ಮತ್ತೆ ಹರಿಯಬಿಡುವುದು. ಮಾಟುಂಗಾದ ಹೋಟೆಲಿನಲ್ಲಿ ಯಂತ್ರ ತರುವ ಮುನ್ನ ಯಾರಾದರೂ ಒಂದು ಬೆಳಗು ಕಿಂಡಿಯ ಬಳಿ ನಿಂತು ಕೇಳಿಸಿಕೊಂಡಿದ್ದರೆ, ಮಾಣಿ ಆರ್ಡರಿನ ಜೊತೆಗೆ ಇನ್ನೇನೇನು ಹೊತ್ತೊಯ್ಯುತ್ತಿದ್ದ ಎಂಬುದು ತಿಳಿದಿರುತ್ತಿತ್ತು.

ಹರಿವನ್ನು ನಿಲ್ಲಿಸದೆ ಆಳವಾದ ಬದಲಾವಣೆ ಮಾಡಿದ ಉದಾಹರಣೆ ಈ ಊರಿನ ಹಳಿಗಳ ಮೇಲೆಯೇ ಇದೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹೊರಟ ಮೊದಲ ವಿದ್ಯುತ್ ರೈಲು ಓಡಿದ್ದು 1500 ವೋಲ್ಟಿನ ಡಿಸಿ ವಿದ್ಯುತ್ತಿನಿಂದ. ಅದನ್ನು 25,000 ವೋಲ್ಟಿನ ಎಸಿಗೆ ಬದಲಾಯಿಸುವ ಕೆಲಸ ಹಂತಹಂತವಾಗಿ ಸಾಗಿ, 2016ರಲ್ಲಿ ಹಾರ್ಬರ್ ಮಾರ್ಗದೊಂದಿಗೆ ಮುಗಿಯಿತು. ಆ ವರ್ಷಗಳಲ್ಲೆಲ್ಲ ಲೋಕಲ್ ರೈಲುಗಳು ಓಡುತ್ತಲೇ ಇದ್ದವು. ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ಗಾಡಿಗಳು ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಶಾಖೆಗೆ ಕಂಪ್ಯೂಟರ್ ಬಂದಾಗ ಅಂಥದೇ ಒಬ್ಬ ಮನುಷ್ಯ ನಮ್ಮ ನಡುವೆ ಇದ್ದರು. ದಪ್ಪ ಲೆಡ್ಜರಿನ ಪುಟಗಳಲ್ಲಿ ಯಾವ ಗ್ರಾಹಕರ ಸಹಿ ಹೇಗೆ ನಡುಗುತ್ತದೆ ಎಂಬುದನ್ನು ಬಲ್ಲ ಅವರು, ಕೀಲಿಮಣೆಯನ್ನೂ ತಾಳ್ಮೆಯಿಂದ ಕಲಿತರು. ತಿಂಗಳ ಕೊನೆಯ ಬ್ಯಾಲೆನ್ಸಿಂಗ್ ಹೊಂದದಿದ್ದಾಗ ಪರದೆಯ ಅಂಕಿಯಿಂದ ಹಿಂದಕ್ಕೆ ನಡೆದು ಲೆಡ್ಜರಿನ ಪುಟವನ್ನು ತಲುಪಬಲ್ಲವರು ಅವರೊಬ್ಬರೇ. ಎರಡೂ ಲೋಕಗಳನ್ನು ಬಲ್ಲ ಇಂಥವರನ್ನು ಯೋಜನೆಯ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬದಲಾಗದೆ ಅಳಿದು, ತನ್ನ ಜಾಗವನ್ನು ಬೇರೆಯದಕ್ಕೆ ಬಿಟ್ಟುಕೊಡುವ ಸಂಸ್ಥೆಗಳೂ ಇವೆ. ಮೈಕೆಲ್ ಹ್ಯಾನನ್ ಮತ್ತು ಜಾನ್ ಫ್ರೀಮನ್ 1977ರಲ್ಲಿ, ಉದ್ಯಮಗಳ ಜಗತ್ತು ಬದಲಾಗುವುದು ಬಹುಪಾಲು ಹೀಗೆಯೇ ಎಂದು ಜೀವಿಗಳ ನೈಸರ್ಗಿಕ ಆಯ್ಕೆಯ ಮಾದರಿಯಲ್ಲಿ ವಾದಿಸಿದರು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾದ, ಮುಂಬೈಯ ಬಟ್ಟೆ ಗಿರಣಿಗಳ ಪ್ರದೇಶವಾಗಿದ್ದ ಗಿರಣಗಾಂವ್‌ನಲ್ಲಿ ಇಂದು ಗಿರಣಿಗಳಿದ್ದ ನೆಲದ ಮೇಲೆ ಮಾಲುಗಳೂ ಕಚೇರಿ ಗೋಪುರಗಳೂ ನಿಂತಿವೆ. ಸಿದ್ಧಾಂತದ ಆ ಒಂದು ಸಾಲಿನೊಳಗೆ ಎಷ್ಟು ಮನೆಗಳ ಒಲೆ ಆರಿತು ಎಂಬುದನ್ನು ಲಾಲ್‌ಬಾಗ್, ಪರೇಲ್‌ಗಳಲ್ಲಿ ನಡೆದಾಡಿದವರು ಮರೆಯಲಾರರು.

ವಿಲೀನವೆಂಬುದು ಇವೆಲ್ಲ ಬಗೆಗಳೂ ಒಟ್ಟಿಗೆ ಸೇರುವ ಸಂದರ್ಭ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಸರಿಯಾಗಿ ಒಂದು ವರ್ಷದ ನಂತರ, ದೇಶವೇ ಲಾಕ್‌ಡೌನಿನಲ್ಲಿದ್ದಾಗ, ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಗ್ರಾಹಕರಿಗೆ ಅದು ಚೆಕ್ ಪುಸ್ತಕ ಮತ್ತು ಐಎಫ್‌ಎಸ್‌ಸಿ ಸಂಕೇತದ ಬದಲಾವಣೆ, ಮೊದಲ ಪದರದ್ದು. ಸಿಬ್ಬಂದಿಗೆ, ಯಾರ ನಿಯಮಾವಳಿಯಂತೆ ಯಾರ ಸಹಿಯಿಂದ ಸಾಲ ಮಂಜೂರಾಗುತ್ತದೆ ಎಂಬ ಎರಡನೆಯ ಪದರದ ಬದಲಾವಣೆ. ಕರಾವಳಿಯಿಂದ ಬಂದು ಮುಂಬೈಯಲ್ಲಿ ನೆಲೆಯೂರಿದ ಅನೇಕ ಕುಟುಂಬಗಳಿಗೆ, ತಮ್ಮದೆಂದು ಹೇಳಿಕೊಳ್ಳುತ್ತಿದ್ದ ಒಂದು ಹೆಸರೇ ಹೋಯಿತು. ಒಂದೇ ದಿನದ ಒಂದೇ ಆದೇಶ, ನಿಂತ ಜಾಗಕ್ಕೆ ತಕ್ಕಂತೆ ಮೂರು ಬೇರೆ ಬೇರೆ ಘಟನೆಗಳಾಯಿತು.

ಜನರ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವವರು ಇಲ್ಲಿಯೇ ಎಡವುತ್ತಾರೆ. ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರ ಮೇಲೆ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿದೆ. ಕೆಲಸದ ವಿಧಾನ ಬದಲಾಗಿದೆಯೆಂದು ಬರಿದೇ ತಿಳಿಸಲ್ಪಟ್ಟ ಗುಂಪಿನಲ್ಲಿ 40 ದಿನಗಳೊಳಗೆ ಶೇಕಡಾ 17 ಮಂದಿ ಕೆಲಸ ಬಿಟ್ಟರು. ಹೊಸ ವಿಧಾನವನ್ನು ರೂಪಿಸುವುದರಲ್ಲಿ ಎಲ್ಲರೂ ಪಾಲ್ಗೊಂಡ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ, ಅವರ ಉತ್ಪಾದನೆ ಮೊದಲಿಗಿಂತ ಸುಮಾರು ಶೇಕಡಾ 14ರಷ್ಟು ಏರಿತು.

ವಿಲೀನದ ನಂತರದ ಒಂದು ಮಧ್ಯಾಹ್ನ ನಾನು ಗ್ರಾಹಕನಾಗಿ ಶಾಖೆಯೊಂದರ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ವೃದ್ಧರು ಹಳೆಯ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕೌಂಟರಿನ ಮೇಲಿಟ್ಟರು. ಗುಮಾಸ್ತೆ ಸೌಜನ್ಯದಿಂದಲೇ ಹೊಸ ಸಂಖ್ಯೆಯನ್ನು ಬರೆದುಕೊಟ್ಟು, ಇನ್ನೇನಾದರೂ ಸಂಶಯವಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು, ತುಳು ಮಾತನಾಡುವವರು ಇನ್ನು ಈ ಶಾಖೆಯಲ್ಲಿ ಯಾರಾದರೂ ಇರುತ್ತಾರೆಯೇ ಎಂದು ವಿಚಾರಿಸಿದರು. ಗುಮಾಸ್ತೆ ಮುಂದಿದ್ದ ಸುತ್ತೋಲೆಯ ಹಾಳೆಯನ್ನು ತಿರುವಿ ನೋಡಿದರು. ಖಾತೆ ಸಂಖ್ಯೆ, ಸಂಕೇತ, ಚೆಕ್ ಪುಸ್ತಕದ ಕೊನೆಯ ದಿನಾಂಕ, ಎಲ್ಲಕ್ಕೂ ಅದರಲ್ಲಿ ಒಂದೊಂದು ಕಲಮಿತ್ತು. ಆ ಪ್ರಶ್ನೆಗೆ ಇರಲಿಲ್ಲ.