ಮೂತ್ರಕೋಶದ ಉರಿ, ಕರುಳಿನಲ್ಲಿ ಬೇರು

ಉರಿಮೂತ್ರಕ್ಕೆ ಕಳೆದ ಸಲ ಎರಡೇ ದಿನದಲ್ಲಿ ಗುಣ ಕೊಟ್ಟ ಗುಳಿಗೆ ಈ ಸಲ ನಾಟುವುದೇ ಇಲ್ಲ. ‘ಮೈಗೆ ಔಷಧಿ ಒಗ್ಗಿಹೋಗಿದೆ’ ಎನ್ನುತ್ತಾರೆ. ಒಗ್ಗಿರುವುದು ಮೈಗಲ್ಲ, ಬ್ಯಾಕ್ಟೀರಿಯಾಕ್ಕೆ. ಅದೂ ಬಹುಪಾಲು ಮೂತ್ರಕೋಶದಲ್ಲಲ್ಲ, ಕರುಳಿನಲ್ಲಿ.

ಮೂತ್ರನಾಳದ ಸಾಮಾನ್ಯ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇ. ಕೊಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವಂಥವು. ಅದರ ಮನೆ ದೊಡ್ಡ ಕರುಳು. ಅಲ್ಲಿಂದ ಹೊರಬಿದ್ದು ಚರ್ಮದ ಮೇಲೆ ಹರಡಿ, ಮೂತ್ರದ್ವಾರ ಸೇರಿ ಮೇಲಕ್ಕೇರುತ್ತದೆ. ಹೆಂಗಸರಲ್ಲಿ ಈ ದಾರಿ ಬರೀ 4 ಸೆಂ.ಮೀ.ನಷ್ಟು. ಮೈಮೇಲಿನ ಸಣ್ಣ ಎಳೆಗಳಿಂದ ಮೂತ್ರಕೋಶದ ಒಳಗೋಡೆಗೆ ಕಚ್ಚಿಕೊಂಡ ಮೇಲೆ ಮೂತ್ರದ ರಭಸಕ್ಕೂ ಅದು ಕೊಚ್ಚಿಹೋಗುವುದಿಲ್ಲ.

ನೆಗಡಿಗೂ ಆ್ಯಂಟಿಬಯಾಟಿಕ್ ನುಂಗುವವರಿದ್ದಾರೆ. ನೆಗಡಿ ಬರುವುದು ವೈರಸ್‌ನಿಂದ, ಆ್ಯಂಟಿಬಯಾಟಿಕ್ ಅದನ್ನು ಮುಟ್ಟುವುದೂ ಇಲ್ಲ. ಆದರೂ ನುಂಗಿದ ಗುಳಿಗೆ ಕರುಳಿಗೆ ತಲುಪುತ್ತದೆ. ಅಲ್ಲಿ ಔಷಧಕ್ಕೆ ಬಗ್ಗುವವು ಸಾಯುತ್ತವೆ, ಬಗ್ಗದ ನಾಲ್ಕಾರು ಉಳಿದು ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ತಿಂಗಳುಗಳ ನಂತರ ಮೂತ್ರಕೋಶಕ್ಕೆ ಏರುವುದು ಇವುಗಳ ಸಂತಾನವೇ.

ಬಗ್ಗದಿರಲು ಒಂದೊಂದಕ್ಕೆ ಒಂದೊಂದು ಉಪಾಯ. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಹೋಗಿ ಕೂರುವ, ಬ್ಯಾಕ್ಟೀರಿಯಾದೊಳಗಿನ ಕಿಣ್ವದ ಆಕಾರವೇ ಬದಲಾದರೆ ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಇಎಸ್‌ಬಿಎಲ್ ಎಂಬ ಕಿಣ್ವಗಳು ಸೆಫಿಕ್ಸಿಮ್, ಸೆಫೊಟಾಕ್ಸಿಮ್‌ನಂಥ ಔಷಧಗಳನ್ನು ಕತ್ತರಿಸಿಯೇ ಹಾಕುತ್ತವೆ. ಈ ಕಿಣ್ವದ ಜೀನ್ ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದರ ನಕಲನ್ನು ಇನ್ನೊಂದಕ್ಕೆ ದಾಟಿಸಬಲ್ಲದು. ಅದೇ ಉಂಗುರದಲ್ಲಿ ಬೇರೆ ಔಷಧಗಳನ್ನು ಎದುರಿಸುವ ಜೀನ್‌ಗಳೂ ಸೇರಿಕೊಂಡಿರುವುದರಿಂದ, ಒಂದು ಔಷಧ ಬಳಸಿದರೆ ಉಳಿದವುಗಳ ವಿರುದ್ಧದ ಶಕ್ತಿಯೂ ಜೊತೆಗೇ ಉಳಿಯುತ್ತದೆ.

ಸೋಂಕು ಮರುಕಳಿಸಿದರೆ ಗುಳಿಗೆ ನುಂಗುವ ಮೊದಲೇ ಮೂತ್ರದ ಕಲ್ಚರ್‌ಗೆ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ ಕೊಡಬೇಕು. ಒಂದೇ ಗುಳಿಗೆ ಹೊಟ್ಟೆಗಿಳಿದರೂ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು. ಮೊದಲ ಮೂತ್ರ ಬಿಟ್ಟು, ನಡುವಿನದನ್ನು ಸ್ಟೆರೈಲ್ ಡಬ್ಬಿಯಲ್ಲಿ ಹಿಡಿಯಿರಿ. ಎರಡು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ. ಅನುಕೂಲ ಸಿಕ್ಕರೆ ಇ. ಕೊಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ: ಎರಡು ಗಂಟೆಯಲ್ಲಿ 64 ಪಟ್ಟು. ಚರ್ಮದಿಂದ ಬೆರೆತ ನಾಲ್ಕು ಬ್ಯಾಕ್ಟೀರಿಯಾ ಹೀಗೇ ‘ಸೋಂಕು’ ಎನಿಸಿಕೊಂಡು, ಬೇಡದ ಔಷಧಕ್ಕೆ ದಾರಿಯಾಗುತ್ತವೆ.

ಲ್ಯಾಬ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಯ ಅಗಾರ್ ಎಂಬ ಜೆಲ್ಲಿಯ ಮೇಲೆ ಸವರಿ, ಔಷಧ ಹೀರಿದ 6 ಮಿ.ಮೀ. ಬಿಲ್ಲೆಗಳನ್ನಿಡುತ್ತಾರೆ. ಮರುದಿನ ತಟ್ಟೆಯ ತುಂಬ ಮಂಜು ಕವಿದಂತೆ ಬೆಳೆ. ಕೆಲಸ ಮಾಡುವ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ. ಇಎಸ್‌ಬಿಎಲ್ ಇದ್ದರೆ ನೋಟವೇ ಬೇರೆ. ಆ ಕಿಣ್ವವನ್ನು ತಡೆಯುವ ಕ್ಲಾವುಲಾನಿಕ್ ಆಮ್ಲದ ಬಿಲ್ಲೆಯನ್ನು ಪಕ್ಕದಲ್ಲಿಟ್ಟಾಗ, ಸೆಫೊಟಾಕ್ಸಿಮ್‌ನ ವೃತ್ತ ಆ ಕಡೆಗೆ ಉಬ್ಬಿ ಬೀಗದ ಕಿಂಡಿಯಂತೆ ಕಾಣುತ್ತದೆ.

ವೃತ್ತ ದೊಡ್ಡದಿದ್ದ ಔಷಧವೇ ಒಳ್ಳೆಯದೆಂದು ರಿಪೋರ್ಟ್ ಓದುವುದು ತಪ್ಪು. ಲ್ಯಾಬ್‌ಗಳು ಬಳಸುವ ಸಿಎಲ್‌ಎಸ್‌ಐ ಮಾನದಂಡದಲ್ಲಿ ಇ. ಕೊಲೈಗೆ ನೈಟ್ರೊಫ್ಯುರಾಂಟಾಯಿನ್ ಎಂಬ ಔಷಧದ 20 ಮಿ.ಮೀ. ವೃತ್ತವೆಂದರೆ ‘ಎಸ್’, ಔಷಧ ನಾಟುತ್ತದೆ. ಸಿಪ್ರೊಫ್ಲಾಕ್ಸಸಿನ್‌ಗೆ ಅದೇ 20 ಮಿ.ಮೀ. ಬಂದರೆ ‘ಆರ್’, ನಾಟುವುದಿಲ್ಲ. ಪ್ರತಿ ಔಷಧಕ್ಕೂ ಅದರದೇ ಅಳತೆ.

1953ರಿಂದ ಬಳಕೆಯಲ್ಲಿರುವ ನೈಟ್ರೊಫ್ಯುರಾಂಟಾಯಿನ್ ಇಂದಿಗೂ ಹಲವು ಇಎಸ್‌ಬಿಎಲ್ ಸೋಂಕುಗಳಲ್ಲಿ ನಾಟುವುದು ನೆಮ್ಮದಿಯ ಸಂಗತಿ. ಅದು ಬ್ಯಾಕ್ಟೀರಿಯಾದ ಹಲವು ಭಾಗಗಳಿಗೆ ಏಕಕಾಲಕ್ಕೆ ಪೆಟ್ಟು ಕೊಡುತ್ತದೆ, ಮೂತ್ರದಲ್ಲಿ ದಟ್ಟವಾಗುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೆ ಹೆಚ್ಚು ತೊಂದರೆ ಕೊಡುವುದಿಲ್ಲ. ಆದರೆ ರಕ್ತದಲ್ಲಿ, ಅಂಗಾಂಶದಲ್ಲಿ ಅದರ ಪ್ರಮಾಣ ತೀರಾ ಕಡಿಮೆ. ಹಾಗಾಗಿ ಚಳಿ ಜ್ವರ, ಸೊಂಟದ ಪಕ್ಕದ ನೋವು, ವಾಂತಿ ಇದ್ದು ಸೋಂಕು ಮೂತ್ರಪಿಂಡಕ್ಕೆ ಏರಿದ್ದರೆ ಅದು ಸಾಲದು. ಆಗ ಕಲ್ಚರ್ ರಿಪೋರ್ಟ್‌ಗೂ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು.